ಒಂದು ಮಾರಿಗೆ ಎಷ್ಟು ಮೊಳ?

"ತಾತ, ನಿಮ್ಮ ಬೀದಿನ ಒಂದು ದಿನಕ್ಕೆ ನನಗೆ ಸಾಲ ಕೊಡ್ತೀರಾ?"

ಹೋದ ತಿಂಗಳು ಮೊಮ್ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ವಿಷಯ ತಿಳಿಯಿತು. ಏಳನೇ ತರಗತಿಯ ಮಕ್ಕಳಿಗೆ ಅವಳ ಶಾಲೆಯಲ್ಲಿ 'ನಮ್ಮ ಬಡಾವಣೆಯ ಶಾಲೆ, ನಮ್ಮ ಪೇಟೆ ಬೀದಿ' ಎಂಬ ವಿಷಯದ ಮೇಲೆ ಎರಡು ಪುಟ ಬರೆದು ತರಲು ಹೇಳಿದ್ದರಂತೆ. ಅವಳಿರುವುದು ಸರ್ಜಾಪುರ ರಸ್ತೆಯ ಕಡೆಯ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ಈಜುಕೊಳ ಇದೆ, ವ್ಯಾಯಾಮಶಾಲೆ ಇದೆ, ಹದಿನಾಲ್ಕನೇ ಮಹಡಿಯವರೆಗೆ ಲಿಫ್ಟ್ ಇದೆ. ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಪೆನ್ಸಿಲ್‌ವರೆಗೆ ಎಲ್ಲವೂ ಮೊಬೈಲಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದೆ. "ನಮ್ಮಲ್ಲಿ ಬೀದಿನೇ ಇಲ್ಲ ತಾತ, ಗೇಟು ಮಾತ್ರ ಇದೆ" ಎಂದಳು ಪಾಪ.

ನನಗೆ ಜಂಬ ಬಂತು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಬೀದಿ ಎಂದರೆ ಸಾಮಾನ್ಯವೇ? ಬೆಂಗಳೂರು ಬಸವನಗುಡಿಯ ಗಾಂಧಿಬಜಾರು! "ಶನಿವಾರ ಬೆಳಿಗ್ಗೆ ಬಾ ಮಗಳೇ. ಎರಡು ಪುಟ ಸಾಲದು, ಒಂದು ನೋಟ್‌ಬುಕ್ಕೇ ತಗೊಂಡು ಬಾ" ಎಂದೆ.

ಅವಳು ಬಂದದ್ದೂ ಆಯಿತು, ನಾವಿಬ್ಬರೂ ಟ್ಯಾಗೋರ್ ವೃತ್ತದಿಂದ ನಡೆಯಲು ಶುರು ಮಾಡಿದ್ದೂ ಆಯಿತು. ನಿವೃತ್ತ ಮೇಷ್ಟ್ರಿಗೆ ಕೇಳುವ ಕಿವಿ ಒಂದು ಸಿಕ್ಕರೆ ಏನಾಗುತ್ತದೆ ಎಂಬುದು ಈ ಪತ್ರಿಕೆ ಓದುವ ಎಲ್ಲ ಅಜ್ಜಂದಿರಿಗೂ ಗೊತ್ತು. ನಾನು ಬುಡದಿಂದಲೇ ಹಿಡಿದೆ. ಇಲ್ಲಿ ಮೊದಲು ಸುಂಕೇನಹಳ್ಳಿ ಎಂಬ ಹಳ್ಳಿಯಿತ್ತು, ಹೊಲಗಳಿದ್ದವು, ಗುಡ್ಡದ ಮೇಲೆ ದೊಡ್ಡ ಬಸವಣ್ಣನ ಗುಡಿಯಿತ್ತು. ಹಳೆಯ ಪೇಟೆಯಲ್ಲಿ ಮನೆಗಳು ಕಿಕ್ಕಿರಿದು ಗಾಳಿ ಬೆಳಕಿಲ್ಲದಂತಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಜನ ಪೇಟೆ ಬಿಟ್ಟು ಹೊರಗೆ ಬಂದರು. ಆ ಕಾಲದಲ್ಲಿ ಬೆಳೆದ ಬಡಾವಣೆಗಳೇ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. ನೆಟ್ಟಗಿನ ರಸ್ತೆ, ಎರಡೂ ಕಡೆ ಮರ, ಮನೆಯ ಸುತ್ತ ಜಾಗ, ಇವೆಲ್ಲ ಅಂದಕ್ಕೆ ಮಾತ್ರ ಮಾಡಿದ್ದಲ್ಲ. ರೋಗದ ಭಯದಿಂದ ಕಲಿತ ಪಾಠವೂ ಅದರಲ್ಲಿತ್ತು.

"ಕಡಲೆಕಾಯಿ ಪರಿಷೆ ಇಲ್ಲೇ ಅಲ್ವಾ?" ಎಂದಳು. ಅಷ್ಟು ಅವಳಿಗೂ ಗೊತ್ತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ಕಡಲೆಕಾಯಿ ರಾಶಿ. ರೈತರ ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿನ್ನುತ್ತಿದ್ದ ಬಸವನಿಗೆ, "ಮೊದಲ ಬೆಳೆ ನಿನಗೇ ಕೊಡ್ತೀವಪ್ಪ" ಎಂದು ರೈತರು ಹರಕೆ ಹೊತ್ತರಂತೆ ಎಂಬ ಕಥೆ ಹೇಳಿದೆ. ನಾನು ಚಿಕ್ಕವನಿದ್ದಾಗ ಅಲ್ಲಿ ಅಳೆದು ಕೊಡುತ್ತಿದ್ದುದು ಸೇರು, ಪಾವಿನಲ್ಲಿ. ಈಗಲೂ ಕೆಲವರು ಪಾವು ಇಟ್ಟುಕೊಂಡಿರುತ್ತಾರೆ.

ಮುಂದೆ ಬಂದರೆ ವಿದ್ಯಾರ್ಥಿ ಭವನ. ಹೊರಗೆ ಆಗಲೇ ಜನ ಹೆಸರು ಬರೆಸಿ ಕಾಯುತ್ತಿದ್ದರು. 1943ರ ಸುಮಾರಿಗೆ ಶುರುವಾದದ್ದು. ಹೆಸರೇ ಹೇಳುವಂತೆ, ಸುತ್ತಲಿನ ಶಾಲಾ ಕಾಲೇಜುಗಳ ಹುಡುಗರಿಗಾಗಿ ಹುಟ್ಟಿದ ಹೋಟೆಲು. ಮಾಣಿಗಳು ಒಂದೇ ಕೈಮೇಲೆ ಹತ್ತಾರು ದೋಸೆ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವುದನ್ನು ಮೊಮ್ಮಗಳು ಬಾಯಿ ತೆರೆದು ನೋಡಿದಳು. ಆ ಒಂದು ನೋಟಕ್ಕೆ ನನ್ನ ಪ್ಲೇಗಿನ ಪಾಠವೆಲ್ಲ ಅವಳ ತಲೆಯಿಂದ ಹಾರಿಹೋಯಿತು. ಹೋಗಲಿ ಬಿಡಿ.

ದೋಸೆ ತಿನ್ನುತ್ತಾ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ವಿಷಯ ಹೇಳಿದೆ. ಅವರ ಮನೆ ಗವಿಪುರದಲ್ಲಿ. ಕೋಟು, ಟೋಪಿ, ಕೈಯಲ್ಲೊಂದು ಕೊಡೆ, ಸಂಜೆಯಾದರೆ ಬಸವನಗುಡಿ ಕ್ಲಬ್ಬಿಗೆ ನಡೆದೇ ಹೋಗುತ್ತಿದ್ದರು. ದಾರಿಯಲ್ಲಿ ಕಾದಿರುತ್ತಿದ್ದ ಮಕ್ಕಳಿಗೆ ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಆ ಟೋಪಿಯಜ್ಜನಿಗೆ 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ ಜ್ಞಾನಪೀಠ ಪ್ರಶಸ್ತಿ ಬಂತು. ಡಿ.ವಿ. ಗುಂಡಪ್ಪನವರು ಈ ಬಡಾವಣೆಯವರೇ. ಈಗ ಗಾಂಧಿಬಜಾರು ವೃತ್ತಕ್ಕೆ ಬಂದು ಸೇರುವ ರಸ್ತೆಗೆ ಅವರದೇ ಹೆಸರು. ಊರಿನವರು ಗೌರವದಿಂದ ಅರ್ಪಿಸಿದ ಹಣವನ್ನೂ ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೇ ಕೊಟ್ಟುಬಿಟ್ಟವರು. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನದ ಹೆಸರೇ 'ಮನಸು ಗಾಂಧಿಬಜಾರು'. ಒಂದು ತರಕಾರಿ ಹೂವಿನ ಬೀದಿಗೆ ಕವನ ಸಂಕಲನದ ಹೆಸರಾಗುವ ಭಾಗ್ಯ ಎಷ್ಟು ಊರಿನಲ್ಲಿ ಉಂಟು?

"ಇವರೆಲ್ಲ ದೊಡ್ಡವರು ತಾತ. ನಿಮ್ಮ ಶಾಲೆ ಯಾವುದು?"

ನನ್ನ ಶಾಲೆ ನ್ಯಾಷನಲ್ ಹೈಸ್ಕೂಲು. ಬಜಾರಿನಿಂದ ಕೃಷ್ಣರಾಜೇಂದ್ರ ರಸ್ತೆ ಹಿಡಿದು ಹೊರಟರೆ ಹುಡುಗರ ಕಾಲಿಗೆ ಏನೇನೂ ದೂರವಲ್ಲ. ಊಟ ಮುಗಿಸಿ ಅವಳನ್ನು ಅಲ್ಲಿಯವರೆಗೂ ನಡೆಸಿದೆ. ರಜೆಯಾದ್ದರಿಂದ ಹೊರಗಿನಿಂದಲೇ ನೋಡಿದೆವು. ಆ ಶಾಲೆ ಶುರುವಾದದ್ದು 1917ರಲ್ಲಿ. ನಮ್ಮ ಮಕ್ಕಳು ನಮ್ಮ ದೇಶದವರಾಗಿ ಬೆಳೆಯಬೇಕು, ಬರೀ ಗುಮಾಸ್ತರಾಗಬಾರದು ಎಂದು ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಮಾತುಗಳಿಂದ ಹುರುಪುಗೊಂಡವರು ಕಟ್ಟಿದ ಶಾಲೆ.

ಅಲ್ಲಿ ಗೇಟಿನ ಮುಂದೆ ನಿಂತು ನಾನು ಹೇಳಿದ ಕಥೆ, ನನಗೆ ನನ್ನ ಮೇಷ್ಟ್ರು ಹೇಳಿದ್ದು. ಗೌರಿಬಿದನೂರಿನ ಹತ್ತಿರ ಹೊಸೂರು ಎಂಬ ಹಳ್ಳಿ. ಅಲ್ಲಿ ಒಬ್ಬ ಬಡ ಹುಡುಗ. ಅವನ ಹೆಡ್‌ಮೇಷ್ಟ್ರು ಬೆಂಗಳೂರಿನ ಈ ಶಾಲೆಗೆ ಸೇರು ಎಂದರು. ಬಸ್ಸಿಗೆ ಕಾಸಿಲ್ಲ. 1935ರಲ್ಲಿ ಹುಡುಗ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರವನ್ನು ಎರಡು ದಿನ ನಡೆದು ಬೆಂಗಳೂರು ತಲುಪಿದ. ಮರುವರ್ಷ ಗಾಂಧೀಜಿ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಮಾಡಿ ಹೇಳಲು ನಿಂತವನು ಅದೇ ಹಳ್ಳಿ ಹುಡುಗ. ಅವನೇ ಮುಂದೆ ಡಾ. ಎಚ್. ನರಸಿಂಹಯ್ಯ. ಅಮೆರಿಕಾದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆದರೂ ಬದುಕಿದ್ದು ಖಾದಿ ಪಂಚೆ, ಜುಬ್ಬ, ಟೋಪಿಯಲ್ಲಿ, ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದೇ ಕೋಣೆಯಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ರಸ್ತೆಯಲ್ಲಿ ಕಂಡರೆ ನಾವು ಹುಡುಗರು ಹಾಗೇ ನಿಂತುಬಿಡುತ್ತಿದ್ದೆವು. ಅವರು ಬಡತನದ ವಿಷಯವನ್ನು ಮುಚ್ಚಿಟ್ಟವರಲ್ಲ. 'ಹೋರಾಟದ ಹಾದಿ' ಎಂಬ ತಮ್ಮ ಆತ್ಮಕಥೆಯಲ್ಲೂ ಅದನ್ನು ಬರೆದಿದ್ದಾರೆ.

ಮೊಮ್ಮಗಳು ಬರೆದುಕೊಂಡಳು. ಪೆನ್ನು ಕಚ್ಚುತ್ತಾ ಕೇಳಿದಳು: "ನೀವೂ ಬಡವರಿದ್ರಾ ತಾತ? ಅಪ್ಪ ಹೇಳ್ತಾರೆ, ಮುತ್ತಜ್ಜಿ ಗಾಂಧಿಬಜಾರಲ್ಲಿ ಏನೋ ವ್ಯಾಪಾರ ಮಾಡ್ತಿದ್ರು ಅಂತ. ಯಾವ ಅಂಗಡಿ? ಅದನ್ನ ತೋರ್ಸಿ."

ನಾನು ನನ್ನ ಮಗನಿಗೂ ಅಷ್ಟೇ ಹೇಳಿದ್ದೆ. ವ್ಯಾಪಾರ ಎಂದು. ಸುಳ್ಳಲ್ಲ. ಆದರೆ ಅಂಗಡಿ ಇರಲಿಲ್ಲ.

ಮಕ್ಕಳೇ, ನನ್ನ ಅವ್ವ ಗಾಂಧಿಬಜಾರಿನ ಪಾದಚಾರಿ ದಾರಿಯ ಮೇಲೆ ಹೂವು ಮಾರುತ್ತಿದ್ದಳು. ಒಂದು ಬಿದಿರು ಬುಟ್ಟಿ, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಒದ್ದೆ ಬಟ್ಟೆ. ಅಷ್ಟೇ ಅವಳ ಅಂಗಡಿ. ಕನಕಪುರದ ಕಡೆಯ ಹಳ್ಳಿಯವಳು. ಅಪ್ಪ ತೀರಿಹೋದ ಮೇಲೆ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಂಗಳೂರಿಗೆ ಬಂದಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಿಟಿ ಮಾರುಕಟ್ಟೆಗೆ ನಡೆದುಹೋಗಿ ಬಿಡಿ ಹೂವು ತರುವಳು. ಆರೂವರೆಯ ಹೊತ್ತಿಗೆ ಹಲಗೆ ಹಾಕಿ ಕೂತಿರುವಳು. ಬಾಳೆ ನಾರನ್ನು ನೀರಿನಲ್ಲಿ ನೆನೆಸಿಟ್ಟು ಸೀಳುತ್ತಿದ್ದಳು. ಎಡಗೈಯಲ್ಲಿ ನಾಲ್ಕು ಮೊಗ್ಗು, ಎರಡು ಅತ್ತ ಎರಡು ಇತ್ತ, ಬಲಗೈಯಲ್ಲಿ ನಾರಿನ ಒಂದು ಸುತ್ತು, ಒಂದು ಎಳೆತ. ಮಾತಾಡುತ್ತಾ, ಬೈಯುತ್ತಾ, ಚಿಲ್ಲರೆ ಎಣಿಸುತ್ತಾ ಕಟ್ಟುತ್ತಿದ್ದಳು. ಬೆರಳು ನೋಡಬೇಕೆಂದೇ ಇರಲಿಲ್ಲ.

ಅವಳ ವಿದ್ಯೆ ನನಗೆ ಆಗ ವಿದ್ಯೆ ಅನ್ನಿಸಲಿಲ್ಲ. ಈಗ ಎಣಿಸಿದರೆ ಆಶ್ಚರ್ಯವಾಗುತ್ತದೆ. ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಕಟ್ಟಬೇಕು, ಅದು ಸಂಜೆಗೆ ಅರಳುತ್ತದೆ. ಬೆಳಿಗ್ಗೆಯೇ ಅರಳಿದ್ದನ್ನು ಕೊಂಡರೆ ಸಂಜೆಗೆ ಕಂದುತ್ತದೆ. ಕನಕಾಂಬರಕ್ಕೆ ವಾಸನೆಯಿಲ್ಲ, ಆದರೆ ಬಾಳಿಕೆ ಬರುತ್ತದೆ. ಅದಕ್ಕೇ ಅದರ ಜೊತೆ ಮರುಗವನ್ನೋ ದವನವನ್ನೋ ಸೇರಿಸುವುದು. ವರಮಹಾಲಕ್ಷ್ಮಿಗೆ ಸೇವಂತಿಗೆ, ಗಣೇಶನಿಗೆ ಗರಿಕೆ ಮತ್ತು ಎಕ್ಕದ ಹೂವು, ಆಯುಧ ಪೂಜೆಗೆ ಚೆಂಡು ಹೂವು. ಪಂಚಾಂಗವೆಲ್ಲ ಅವಳ ಬುಟ್ಟಿಯಲ್ಲಿತ್ತು. ಓದು ಬರಹ ಬರುತ್ತಿರಲಿಲ್ಲ. ಯಾರ ಮನೆಯ ಲೆಕ್ಕ ಎಷ್ಟು ಬಾಕಿ ಎಂಬುದನ್ನು ಮಾತ್ರ ಒಂದು ಕಾಸೂ ತಪ್ಪದೆ ಹೇಳುತ್ತಿದ್ದಳು.

ಅಳತೆ ಎಂದರೆ ಮೊಳ, ಮಾರು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಎರಡು ಗೇಣಿಗೆ ಒಂದು ಮೊಳ. ಎರಡೂ ಕೈ ಅಗಲಿಸಿದರೆ ಒಂದು ಮಾರು. ಅವ್ವ ಕುಳ್ಳಿ, ಕೈ ಗಿಡ್ಡ. "ನನ್ ಮೊಳ ಚಿಕ್ಕದು ತಾಯೀ, ಅನ್ಯಾಯ ಆಗಬಾರ್ದು" ಎಂದು ಪ್ರತಿ ಮೊಳಕ್ಕೂ ನಾಲ್ಕು ಬೆರಳು ಕೊಸರು ಸೇರಿಸಿಯೇ ಕತ್ತರಿಸುತ್ತಿದ್ದಳು. ಪಕ್ಕದ ಬಾಳೆಎಲೆಯವನು, "ಅಕ್ಕಾ, ಕೊಸರು ಕೊಟ್ಟೂ ಕೊಟ್ಟೂ ನೀನು ಬುಟ್ಟಿನೇ ಮಾರ್ಕೊಳ್ತೀಯ" ಎಂದು ಗದರುತ್ತಿದ್ದ.

ಆ ಬೀದಿಯೇ ನನ್ನನ್ನು ಬೆಳೆಸಿತು. ದಿನಸಿ ಅಂಗಡಿಯವರು ಶಾಲೆ ತೆರೆದಾಗ ನೋಟ್‌ಬುಕ್ಕುಗಳನ್ನು ಲೆಕ್ಕಕ್ಕೆ ಬರೆದುಕೊಂಡು ಕೊಟ್ಟು ದೀಪಾವಳಿಯವರೆಗೂ ಕೇಳುತ್ತಿರಲಿಲ್ಲ. ಬೆಣ್ಣೆ ಅಂಗಡಿಯ ಮುಂದಿನ ದೀಪದ ಕೆಳಗೆ ಕೂತು ನಾನು ಓದುತ್ತಿದ್ದೆ. ಮಳೆ ಬಂದರೆ ಬಟ್ಟೆ ಅಂಗಡಿಯ ಜಗುಲಿ. ತೆಂಗಿನಕಾಯಿ ಮಾರುವ ಸಾಬರು ನನ್ನ ಮಗ್ಗಿ ಕೇಳುತ್ತಿದ್ದರು. ಹದಿಮೂರರ ಮಗ್ಗಿಯಲ್ಲಿ ತಪ್ಪಿದರೆ ಆ ದಿನ ಕೊಬ್ಬರಿ ಚೂರು ಇಲ್ಲ!

ಇಷ್ಟೆಲ್ಲ ಇದ್ದೂ, ಹೈಸ್ಕೂಲಿಗೆ ಸೇರಿದ ಮೇಲೆ ನನಗೆ ನಾಚಿಕೆ ಶುರುವಾಯಿತು. ಯಾರೂ ಏನೂ ಅಂದಿರಲಿಲ್ಲ. ಅದು ನಾನೇ ತಂದುಕೊಂಡ ರೋಗ. ಜೊತೆಯ ಹುಡುಗರ ಅಪ್ಪಂದಿರು ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಕೋರ್ಟಿನಲ್ಲಿ ಇದ್ದರು. "ನಿಮ್ಮನೇಲಿ ಏನು ಮಾಡ್ತಾರೋ?" ಎಂದರೆ "ವ್ಯಾಪಾರ" ಎನ್ನುತ್ತಿದ್ದೆ.

ಒಂಬತ್ತನೇ ತರಗತಿಯಲ್ಲಿ ಒಂದು ದಿನ ಗಣಿತದ ಮೇಷ್ಟ್ರು ಅಳತೆಯ ಪಾಠ ಮಾಡುತ್ತಿದ್ದರು. ಮೆಟ್ರಿಕ್ ಪದ್ಧತಿ ಬಂದು ಕೆಲವೇ ವರ್ಷಗಳಾಗಿದ್ದವು. ಮೀಟರು, ಸೆಂಟಿಮೀಟರು ಎಲ್ಲ ಆದ ಮೇಲೆ ಸೀಮೆಸುಣ್ಣ ಕೆಳಗಿಟ್ಟು ಕೇಳಿದರು: "ಇದೆಲ್ಲ ಬರೋಕೆ ಮುಂಚೆ ನಮ್ಮೋರು ಹೇಗೆ ಅಳೀತಿದ್ರು? ಒಂದು ಮಾರಿಗೆ ಎಷ್ಟು ಮೊಳ, ಯಾರು ಹೇಳ್ತೀರಿ?"

ತರಗತಿ ಸುಮ್ಮನಾಯಿತು. ಒಬ್ಬ ಎರಡು ಎಂದ. ಇನ್ನೊಬ್ಬ ಆರು ಎಂದ. ನನಗೆ ಗೊತ್ತಿತ್ತು. ದಿನಾ ನೂರು ಸಲ ನೋಡಿದ್ದೆ. ಮೇಷ್ಟ್ರು ನನ್ನ ಬೆಂಚಿನ ಕಡೆ ನೋಡಿದರು. ನಾನು ಪುಸ್ತಕದೊಳಗೆ ತಲೆ ತೂರಿಸಿದೆ. ಉತ್ತರ ಹೇಳಿದರೆ "ನಿನಗೆ ಹೇಗೆ ಗೊತ್ತು?" ಎಂದು ಯಾರಾದರೂ ಕೇಳಿದರೆ? ಮೇಷ್ಟ್ರು ಸ್ವಲ್ಪ ಹೊತ್ತು ಕಾದು, "ನಾಲ್ಕು" ಎಂದು ತಾವೇ ಹೇಳಿ ಹಲಗೆ ಒರೆಸಿದರು.

ಅದಾದ ಕೆಲವು ವಾರಕ್ಕೆ ಗೌರಿ ಹಬ್ಬ. ಶಾಲೆ ಬಿಟ್ಟ ಮೇಲೆ ಗೆಳೆಯನೊಬ್ಬ, "ಅಮ್ಮ ಹೂವು ತಾ ಅಂದಿದ್ದಾರೆ, ಬಾರೋ ಜೊತೆಗೆ" ಎಂದ. ಬೇರೆ ಯಾವುದೋ ಹೂವಿನವರ ಹತ್ತಿರ ಹೋಗುತ್ತಾನೆ ಎಂದುಕೊಂಡು ಹೊರಟೆ. ಹಬ್ಬದ ಸಂತೆ, ಕಾಲಿಡಲು ಜಾಗವಿಲ್ಲ. ಬಾಗಿನದ ಮೊರ, ಬಳೆ, ಬಾಳೆಕಂದು. ಅವನು ನೇರ ಹೋಗಿ ನಿಂತದ್ದು ಅವ್ವನ ಬುಟ್ಟಿಯ ಮುಂದೆ. "ಇವರು ಕೊಸರು ಜಾಸ್ತಿ ಹಾಕ್ತಾರೆ ಕಣೋ" ಎಂದ.

ಅವ್ವ ತಲೆ ಎತ್ತಿದಳು. ನನ್ನನ್ನು ನೋಡಿದಳು. ನಾನು ಪಕ್ಕದ ಬಳೆಯಂಗಡಿಯ ಕಡೆ ಮುಖ ತಿರುಗಿಸಿದೆ.

ಒಂದು ಕ್ಷಣ ಅಷ್ಟೇ. ಅವಳಿಗೆ ಎಲ್ಲ ಅರ್ಥವಾಯಿತು. "ಏನ್ ಬೇಕಪ್ಪ? ಮಲ್ಲಿಗೇನಾ, ಕಾಕಡಾನಾ?" ಎಂದು ಅವನನ್ನು ಕೇಳಿದಳು. ಎರಡು ಮಾರು ಅಳೆದಳು. ಕೊಸರು ಸೇರಿಸಿದಳು. ಎಲೆಯಲ್ಲಿ ಸುತ್ತಿ ಕೊಟ್ಟು, ಆಮೇಲೆ ನನ್ನ ಕಡೆಯೂ ತಿರುಗಿ, "ನಿಮಗೇನಾದ್ರೂ ಬೇಕಾ ಸ್ವಾಮಿ?" ಎಂದಳು. ಯಾರೋ ಗೊತ್ತಿಲ್ಲದ ಮನೆಯ ಹುಡುಗನನ್ನು ಕೇಳುವಂತೆ.

ನಾನು ಬೇಡ ಎಂದು ತಲೆಯಾಡಿಸಿದೆ.

ಆ ರಾತ್ರಿ ಅವ್ವ ಎಂದಿನಂತೆ ಮುದ್ದೆ ಸಾರು ಬಡಿಸಿದಳು. ಆ ವಿಷಯ ಎತ್ತಲಿಲ್ಲ. ಅವಳು ಎತ್ತಿದ್ದರೆ ನಾನು ಅತ್ತಾದರೂ ಬಿಡುತ್ತಿದ್ದೆ. ಅವಳು ಬದುಕಿದ್ದಷ್ಟು ದಿನ ಎತ್ತಲೇ ಇಲ್ಲ.

1971ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ನನಗೆ ಮೊದಲ ದರ್ಜೆ, ಗಣಿತದಲ್ಲಿ ನೂರಕ್ಕೆ ತೊಂಬತ್ತಾರು. ನಾನು ಶಾಲೆಯಿಂದ ಓಡಿ ಬರುವಷ್ಟರಲ್ಲಿ ಗಣಿತದ ಮೇಷ್ಟ್ರು ಸೈಕಲ್ಲಿನಲ್ಲಿ ನನಗಿಂತ ಮುಂಚೆ ಗಾಂಧಿಬಜಾರು ತಲುಪಿ ಅವ್ವನ ಬುಟ್ಟಿಯ ಮುಂದೆ ನಿಂತಿದ್ದರು. "ತಾಯೀ, ನಿಮ್ಮ ಮಗ ನಮ್ಮ ಶಾಲೆ ಹೆಸರು ಉಳಿಸಿದ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಆಗ ನನಗೆ ತಿಳಿಯಿತು, ಅವರು ಪ್ರತಿ ಶುಕ್ರವಾರ ಮನೆಗೆ ಹೂವು ಕೊಳ್ಳುತ್ತಿದ್ದುದು ಅವ್ವನ ಹತ್ತಿರವೇ. ನಾನು ಹೈಸ್ಕೂಲಿಗೆ ಸೇರುವ ಮುಂಚಿನಿಂದಲೂ. ಮಾರು ಮೊಳದ ಪ್ರಶ್ನೆಯನ್ನು ಅವರು ನನಗೆಂದೇ ಕೇಳಿದ್ದರೋ ಏನೋ. ಅದನ್ನು ಅವರ ಬಾಯಿಂದ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವ್ವ ಆ ದಿನ ಬುಟ್ಟಿಯಲ್ಲಿದ್ದ ಹೂವನ್ನು ಮಾರಲಿಲ್ಲ. ಬಂದವರಿಗೆಲ್ಲ ಹಂಚಿದಳು. ತೆಂಗಿನಕಾಯಿ ಸಾಬರು ಒಂದು ಇಡೀ ಕೊಬ್ಬರಿ ಗಿಟುಕು ಕೊಟ್ಟರು. ದಿನಸಿ ಅಂಗಡಿಯವರು ಕಲ್ಲುಸಕ್ಕರೆ ಪೊಟ್ಟಣ ಕಟ್ಟಿಸಿದರು. ಬಾಳೆಎಲೆಯವನು, "ನೋಡ್ರೀ, ನಮ್ಮ ಹುಡುಗ" ಎಂದು ಗುರುತಿಲ್ಲದ ಗಿರಾಕಿಗಳನ್ನೂ ನಿಲ್ಲಿಸಿ ಹೇಳುತ್ತಿದ್ದ. ನಾನು ಎಲ್ಲರೆದುರು ಅವ್ವನ ಕಾಲಿಗೆ ಬಿದ್ದೆ. ಕ್ಷಮಿಸು ಎಂದು ಮಾತ್ರ ಹೇಳಲಿಲ್ಲ. ಹೇಳಬೇಕಿತ್ತು.

ಇದನ್ನೆಲ್ಲ ಶಾಲೆಯ ಗೇಟಿನ ಮುಂದೆ ಮೊಮ್ಮಗಳಿಗೆ ಹೇಳಿದೆ. ಐವತ್ತು ವರ್ಷಕ್ಕೂ ಮೇಲೆ ಮೊದಲ ಸಲ ಬಾಯಿ ಬಿಟ್ಟದ್ದು. ಅವಳು ಬರೆಯುವುದನ್ನು ನಿಲ್ಲಿಸಿದ್ದಳು. "ಮುತ್ತಜ್ಜಿ ಕೂತಿದ್ದ ಜಾಗ ತೋರಿಸ್ತೀರಾ?" ಎಂದಷ್ಟೇ ಕೇಳಿದಳು.

ಮತ್ತೆ ಬಜಾರಿಗೆ ಬಂದೆವು. ಆ ಜಾಗ ಈಗ ಗುರುತು ಸಿಗುವಂತಿಲ್ಲ. 2023ರಲ್ಲಿ ಈ ರಸ್ತೆಯನ್ನೆಲ್ಲ ಅಗೆದು ಹಾಕಿದ್ದರು. ಪಾದಚಾರಿಗಳಿಗೆ ಅನುಕೂಲವಾಗಲಿ ಎಂದು ಹೊಸ ರೂಪ ಕೊಡುವ ಕೆಲಸ. ದೂಳು, ಗುಂಡಿ, ತಡೆಬೇಲಿ. ಅಂಗಡಿಯವರು ಗಿರಾಕಿಯಿಲ್ಲದೆ ಕೈಕಟ್ಟಿ ಕೂತಿದ್ದರು. ಬೀದಿ ಬದಿಯವರಂತೂ ಅಡ್ಡರಸ್ತೆಗಳಿಗೆ ಚದುರಿದರು. ಈಗ ನೋಡಿದರೆ ನಡೆಯುವ ದಾರಿ ಅಗಲವಾಗಿದೆ, ಕಲ್ಲು ಹಾಸಿದ್ದಾರೆ. ನನ್ನಂಥ ಮಂಡಿನೋವಿನವರಿಗೆ ಹಿತವಾಗಿದೆ, ಸುಳ್ಳು ಹೇಳಬಾರದು. ಆದರೆ ದಿನದ ದುಡಿಮೆಯಲ್ಲಿ ದಿನದ ಊಟ ಮಾಡುವವರು ಆ ತಿಂಗಳುಗಳನ್ನು ಹೇಗೆ ಕಳೆದರೋ ಅವರಿಗೇ ಗೊತ್ತು. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡಲು 2014ರಲ್ಲಿ ದೇಶಕ್ಕೆಲ್ಲ ಒಂದು ಕಾಯ್ದೆಯೇ ಬಂದಿದೆ. ನನ್ನ ಅವ್ವನ ಕಾಲದಲ್ಲಿ ಅಂಥದ್ದಿರಲಿಲ್ಲ. "ಏಳಮ್ಮ" ಎಂದರೆ ಏಳಬೇಕಿತ್ತು. ಹೂವಿನವರು ಒಬ್ಬೊಬ್ಬರಾಗಿ ವಾಪಸು ಬಂದರು. ನನಗೆ ಮುಖಪರಿಚಯವಿದ್ದ ಇಬ್ಬರು ಬರಲೇ ಇಲ್ಲ.

ಅವ್ವ ಕೂರುತ್ತಿದ್ದ ಕಡೆ, ಅಂದಾಜಿಗೆ ಹತ್ತು ಹೆಜ್ಜೆ ಆಚೀಚೆ, ಒಬ್ಬ ಹೆಂಗಸು ಹೂವು ಕಟ್ಟುತ್ತಿದ್ದಳು. ಪಕ್ಕದಲ್ಲಿ ಹದಿಮೂರು ಹದಿನಾಲ್ಕರ ಹುಡುಗ, ತೊಡೆಯ ಮೇಲೆ ಪುಸ್ತಕ. ನಮ್ಮನ್ನು, ಅದರಲ್ಲೂ ತನ್ನ ವಯಸ್ಸಿನ ಹುಡುಗಿಯನ್ನು ಕಂಡದ್ದೇ ತಡ, ಶಾಲೆಯ ಚೀಲವನ್ನು ಮೆಲ್ಲಗೆ ಬುಟ್ಟಿಯ ಹಿಂದಕ್ಕೆ ಸರಿಸಿ, ರಸ್ತೆಯ ಆಚೆ ಏನನ್ನೋ ನೋಡುವವನಂತೆ ಕೂತ.

ನನಗೆ ಎದೆ ಹಿಂಡಿದಂತಾಯಿತು. ಏನು ಹೇಳುವುದೋ ತಿಳಿಯಲಿಲ್ಲ. ಮೊಮ್ಮಗಳು ಮಾತ್ರ ನೇರ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು: "ಒಂದು ಮಾರಿಗೆ ಎಷ್ಟು ಮೊಳ, ಗೊತ್ತಾ?"

"ನಾಲ್ಕು. ಅಷ್ಟೂ ಗೊತ್ತಿಲ್ವಾ?" ಎಂದ ಹುಡುಗ, ಮುಖ ತಿರುಗಿಸದೆ.

"ಯಾರ ಮೊಳ? ನಿಂದಾ, ನಂದಾ?"

ಈಗ ಅವನು ತಿರುಗಿದ. ಅದನ್ನು ಅವನು ಯೋಚಿಸಿರಲಿಲ್ಲ. ಅವರಮ್ಮ ನಗುತ್ತಾ ದಾರದ ಉಂಡೆ ಎಸೆದಳು. "ಅಳೆದು ನೋಡ್ರಿ ಮತ್ತೆ." ಮೊಮ್ಮಗಳು ಎರಡೂ ಕೈ ಚಾಚಿ ನಿಂತಳು, ಹುಡುಗ ಬೆರಳ ತುದಿಯಿಂದ ಬೆರಳ ತುದಿಗೆ ದಾರ ಹಿಡಿದ. ಆಮೇಲೆ ಅದನ್ನೇ ಅವಳ ಮೊಣಕೈಯಿಂದ ಅಳೆದರೆ ಹೆಚ್ಚು ಕಡಿಮೆ ನಾಲ್ಕು. ಅವನ ದಾರ ಉದ್ದ, ಆದರೆ ಅವನ ಮೊಳವೂ ಉದ್ದ, ಅದೂ ಸುಮಾರು ನಾಲ್ಕು. ಅದೇ ದಾರವನ್ನು ತಲೆಯಿಂದ ಹಿಮ್ಮಡಿಗೆ ಹಿಡಿ ಎಂದು ನಾನು ಹೇಳಿದೆ. ಎತ್ತರವೂ ಸರಿಸುಮಾರು ಅಷ್ಟೇ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನೀವೂ ಮನೆಯಲ್ಲಿ ಅಳೆದು ನೋಡಿ ಮಕ್ಕಳೇ. ಯಾರೇ ಆದರೂ ತಮ್ಮ ಮೊಳದಲ್ಲಿ ಸುಮಾರು ನಾಲ್ಕು ಮೊಳ ಎತ್ತರ ಇರುತ್ತಾರೆ. ಎಳೆಯ ಮಗುವಿನ ಲೆಕ್ಕ ಮಾತ್ರ ಬೇರೆ, ಅದಕ್ಕೆ ತಲೆ ದೊಡ್ಡದು, ಕೈ ಗಿಡ್ಡ.

"ಯಾವ ಶಾಲೆನಪ್ಪ?" ಎಂದೆ. ಹೇಳಿದ. ಇದೇ ಬಡಾವಣೆಯದು. ಚೀಲ ಮತ್ತೆ ಬುಟ್ಟಿಯ ಮುಂದಕ್ಕೆ ಬಂದಿತ್ತು. ಒಳಗಿಂದ ಗಣಿತದ ಪುಸ್ತಕ ತೆಗೆದು ಮೊಮ್ಮಗಳಿಗೆ ಯಾವುದೋ ಪುಟ ತೋರಿಸುತ್ತಿದ್ದ.

"ನಮ್ಮ ಅವ್ವನೂ ಇಲ್ಲೇ ಹೂವು ಮಾರ್ತಿದ್ದಳಮ್ಮ" ಎಂದೆ ಆ ತಾಯಿಗೆ. ಜೋರಾಗಿಯೇ ಹೇಳಿದೆ. ಪಕ್ಕದಲ್ಲಿ ಹೂವು ಕೊಳ್ಳಲು ನಿಂತಿದ್ದವರೂ ತಿರುಗಿ ನೋಡಿದರು. ಅವಳು ನನ್ನ ಇಸ್ತ್ರಿ ಅಂಗಿಯನ್ನೂ ಕನ್ನಡಕವನ್ನೂ ನೋಡಿ, "ಹೌದಾ ಸಾರ್?" ಎಂದಳು, ನಂಬಿಯೂ ನಂಬದವಳಂತೆ. ಎರಡು ಮಾರು ಮಲ್ಲಿಗೆ ಕೊಂಡೆ. ಅಳೆದು ಕತ್ತರಿಸಿ, ಆಮೇಲೆ ಒಂದಿಷ್ಟು ಮರುಗವನ್ನೂ ಎಲೆಯೊಳಗೆ ಇಟ್ಟಳು. "ಇದು ಕೊಸರು, ಮಗೂಗೆ" ಎಂದಳು.

ಸಂಜೆ ಮಗ ಕಾರು ತಂದು ಅವಳನ್ನು ಕರೆದುಕೊಂಡು ಹೋದ. ರಾತ್ರಿ ಎಂಟೂವರೆಗೆ ಫೋನು ಬಂತು.

"ತಾತ, ಮೊಗ್ಗೆಲ್ಲ ಅರಳಿವೆ. ಮನೆಯೆಲ್ಲ ಘಮ ಅಂತಿದೆ. ನಾನು ಬರೀತಾ ಕೂತಿದ್ದೀನಿ. ಒಂದು ಕೇಳೋಕೆ ಮರೆತೆ. ಮುತ್ತಜ್ಜಿ ಹೆಸರೇನು?"

ಹೇಳಿದೆ. ಕಾಗುಣಿತ ತಪ್ಪಬಾರದೆಂದು ಅವಳು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು.